ಅಂಕಪಟ್ಟಿ ಬಂದ ಮೇಲೆ: ಮಗುವಿನ ಓದು ಮತ್ತು ಆತ್ಮವಿಶ್ವಾಸವನ್ನು ಒಟ್ಟಿಗೇ ಕಟ್ಟುವ ಬಗೆ

"ಇವನಿಗೆ ಆತ್ಮವಿಶ್ವಾಸ ಕಡಿಮೆ, ಅದಕ್ಕೇ ಅಂಕ ಬರುತ್ತಿಲ್ಲ." ಮುಂಬಯಿಯ ಶಾಲೆಗಳಲ್ಲಿ ಓಪನ್ ಹೌಸ್ ದಿನ ಪೋಷಕರು ಶಿಕ್ಷಕರಿಗೂ, ಶಿಕ್ಷಕರು ಪೋಷಕರಿಗೂ ಹೇಳುವ ಮಾತು ಇದು. ಇದನ್ನು ನಂಬಿ ಮನೆಗೆ ಬಂದವರು ಮಾಡುವ ಮೊದಲ ಕೆಲಸವೆಂದರೆ ಮಗುವನ್ನು ಹೊಗಳಲು ಶುರುಮಾಡುವುದು. ನೀನು ಜಾಣ, ನಿನ್ನ ಕೈಲಿ ಆಗುತ್ತದೆ, ಧೈರ್ಯ ಇರಲಿ ಎನ್ನುತ್ತಾರೆ. ಎರಡು ತಿಂಗಳಾದ ಮೇಲೆ ಯೂನಿಟ್ ಟೆಸ್ಟ್‌ನಲ್ಲಿ ಮತ್ತೆ ಅದೇ ಅಂಕ ಬರುತ್ತದೆ. ಈಗ ಮಗುವಿಗೆ ಅಂಕವೂ ಇಲ್ಲ, ಅಪ್ಪ ಅಮ್ಮನ ಮಾತಿನ ಮೇಲೆ ನಂಬಿಕೆಯೂ ಇಲ್ಲ.

ಹೊಗಳಿಕೆಯಿಂದ ಆತ್ಮವಿಶ್ವಾಸ, ಆತ್ಮವಿಶ್ವಾಸದಿಂದ ಅಂಕ ಎಂಬ ಲೆಕ್ಕಾಚಾರವನ್ನು ಒಂದು ಸರ್ಕಾರವೇ ದೊಡ್ಡ ಮಟ್ಟದಲ್ಲಿ ನಂಬಿತ್ತು. 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಆತ್ಮಗೌರವದ, ಅಂದರೆ ತನ್ನ ಬಗ್ಗೆ ತನಗಿರುವ ಒಳ್ಳೆಯ ಭಾವನೆಯ, ವಿಚಾರಕ್ಕೆಂದೇ ಒಂದು ಕಾರ್ಯಪಡೆ ರಚಿಸಿತು. 2003ರಲ್ಲಿ ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದರು. ಆತ್ಮಗೌರವಕ್ಕೂ ಓದಿಗೂ ನಂಟು ಇದೆ, ಆದರೆ ಅದು ದೊಡ್ಡದಲ್ಲ. ಇರುವ ನಂಟಿನಲ್ಲಿ ಒಂದು ಪಾಲು ಚೆನ್ನಾಗಿ ಓದಿದ್ದರ ಫಲವಾಗಿ ಬಂದದ್ದು. ಬರೀ ಆತ್ಮಗೌರವ ಹೆಚ್ಚಿಸುವ ಕಾರ್ಯಕ್ರಮಗಳಿಂದ ಓದು ಸುಧಾರಿಸಿದ್ದು ಕಾಣಲಿಲ್ಲ. ಇವು ಅವರು ಕಂಡುಕೊಂಡ ಅಂಶಗಳು.

ಹಾಗೆಂದು ಆತ್ಮವಿಶ್ವಾಸ ಲೆಕ್ಕಕ್ಕಿಲ್ಲ ಎಂದಲ್ಲ. ಆಸ್ಟ್ರೇಲಿಯಾದಲ್ಲಿ ದಶಕಗಳ ಕಾಲ ಈ ವಿಷಯವನ್ನೇ ಅಭ್ಯಸಿಸಿದ ಹರ್ಬರ್ಟ್ ಮಾರ್ಷ್ ತೋರಿಸಿಕೊಟ್ಟ ಪ್ರಕಾರ, ಒಟ್ಟಾರೆ 'ನಾನು ಒಳ್ಳೆಯವನು' ಎಂಬ ಭಾವನೆಗಿಂತ 'ನನಗೆ ಗಣಿತ ಬರುತ್ತದೆ', 'ನಾನು ಓದಿದರೆ ಅರ್ಥವಾಗುತ್ತದೆ' ಎಂಬ ವಿಷಯವಾರು ನಂಬಿಕೆಗೂ ಅಂಕಕ್ಕೂ ಹತ್ತಿರದ ಸಂಬಂಧವಿದೆ. ಅದೂ ಎರಡೂ ಕಡೆಯಿಂದ. ಸ್ವಲ್ಪ ಬಂದರೆ ನಂಬಿಕೆ ಹುಟ್ಟುತ್ತದೆ, ನಂಬಿಕೆ ಹುಟ್ಟಿದರೆ ಮಗು ಇನ್ನೊಂದು ಲೆಕ್ಕಕ್ಕೆ ಕೈ ಹಾಕುತ್ತದೆ. ಹಾಗಾಗಿ ಮನೆಯವರ ಕೆಲಸ ಶುರುವಾಗಬೇಕಾದದ್ದು 'ಸ್ವಲ್ಪ ಬರುವಂತೆ' ಮಾಡುವುದರಿಂದ. ಮಾತು ಆಮೇಲೆ. ಕೆಳಗಿನ ಹಂತಗಳು ಮೂರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹೆಚ್ಚು ಹೊಂದುತ್ತವೆ.

ಹಂತ 1: ಯಾವ ವಿಷಯ, ಯಾವ ಜಾಗ ಎಂದು ಗೊತ್ತು ಮಾಡಿಕೊಳ್ಳಿ

ಒಂದು ಹಾಳೆಯಲ್ಲಿ ಮಗುವಿನ ಎಲ್ಲ ವಿಷಯಗಳನ್ನು ಬರೆಯಿರಿ. ಜೊತೆಗೆ ಆಟ, ಗೆಳೆಯರು, ಚಿತ್ರ ಬರೆಯುವುದು, ಮನೆ ಕೆಲಸ ಇವನ್ನೂ ಸೇರಿಸಿ. ಪ್ರತಿಯೊಂದರ ಮುಂದೆ ಮಗುವೇ 1ರಿಂದ 5ರವರೆಗೆ ಒಂದು ಸಂಖ್ಯೆ ಹಾಕಲಿ: 1 ಎಂದರೆ 'ನನಗೆ ಬರುವುದೇ ಇಲ್ಲ', 5 ಎಂದರೆ 'ಚೆನ್ನಾಗಿ ಬರುತ್ತದೆ'. ನೀವು ತಿದ್ದಬೇಡಿ, 'ಯಾಕೆ ಇಷ್ಟು ಕಡಿಮೆ' ಎಂದು ಕೇಳಬೇಡಿ. ಆಮೇಲೆ ಮಗು ಇಲ್ಲದಾಗ ಅದರ ಪಕ್ಕದಲ್ಲಿ ಕಳೆದ ಪರೀಕ್ಷೆಯ ಅಂಕ ಬರೆಯಿರಿ.

ಅಂಕವೂ ಕಡಿಮೆ, ಮಗು ಹಾಕಿದ ಸಂಖ್ಯೆಯೂ ಕಡಿಮೆ ಇದ್ದರೆ ಪಾಠದಲ್ಲೇ ಎಲ್ಲೋ ಕಂದಕವಿದೆ. ಹಂತ 2ಕ್ಕೆ ಹೋಗಿ. ಅಂಕ ಚೆನ್ನಾಗಿದ್ದೂ ಮಗು 1 ಅಥವಾ 2 ಹಾಕಿದ್ದರೆ ತೊಂದರೆ ಹೋಲಿಕೆಯದ್ದು; ಹಂತ 5 ನಿಮಗೆ ಮುಖ್ಯ. ಅಂಕ ತೀರಾ ಕಡಿಮೆಯಿದ್ದೂ ಮಗು ಎಲ್ಲದಕ್ಕೂ 5 ಹಾಕಿದ್ದರೆ ಖುಷಿಪಡುವ ಹಾಗಿಲ್ಲ. ಬೈಗುಳದ ಭಯಕ್ಕೆ ಹಾಗೆ ಬರೆದಿರಬಹುದು, ಇಲ್ಲವೇ ತನಗೆ ಏನು ಬರುವುದಿಲ್ಲ ಎಂಬುದೇ ಅದಕ್ಕೆ ತಿಳಿದಿಲ್ಲ. ಎಲ್ಲದಕ್ಕೂ, ಆಟ ಗೆಳೆಯರಿಗೂ ಸೇರಿ, 1 ಹಾಕಿದ್ದರೆ ಅದು ಓದಿನ ಸಮಸ್ಯೆಯಷ್ಟೇ ಅಲ್ಲ. ಕೊನೆಗೆ ಹೇಳಿರುವ ಸಹಾಯವನ್ನು ಮೊದಲೇ ಪಡೆಯಿರಿ.

ವಿಷಯವಾರು ಕುಗ್ಗಿರುವ ಮಗುವಿನ ನಡವಳಿಕೆ ಸಾಮಾನ್ಯವಾಗಿ ಸೋಮಾರಿತನದಂತೆಯೇ ಕಾಣುತ್ತದೆ. ಆ ಒಂದು ನೋಟ್‌ಬುಕ್ ಮಾತ್ರ ಕಳೆದುಹೋಗುತ್ತಿರುತ್ತದೆ. ಆ ಪೀರಿಯಡ್ ಇರುವ ದಿನ ಹೊಟ್ಟೆನೋವು. ಬರೆದದ್ದನ್ನು ಮತ್ತೆ ಮತ್ತೆ ಅಳಿಸಿ ಹಾಳೆ ಹರಿಯುವುದು. ಪ್ರಶ್ನೆ ಓದುವ ಮೊದಲೇ "ಬರಲ್ಲ" ಎನ್ನುವುದು. ಉತ್ತರ ಪತ್ರಿಕೆಯಲ್ಲಿ ತಪ್ಪು ಉತ್ತರಕ್ಕಿಂತ ಖಾಲಿ ಬಿಟ್ಟ ಜಾಗವೇ ಹೆಚ್ಚು.

ಹಂತ 2: ಪಾಠ ಬರುವುದಿಲ್ಲವೋ, ಭಾಷೆ ಬರುವುದಿಲ್ಲವೋ?

ಈ ಹಂತವನ್ನು ಕರ್ನಾಟಕದ ಊರುಗಳಲ್ಲಿರುವವರು ಬೇಗ ದಾಟಬಹುದು. ಮುಂಬಯಿ, ಡೊಂಬಿವಲಿ, ಮೀರಾ ರೋಡ್‌ನ ನಮ್ಮ ಮನೆಗಳು ದಾಟುವಂತಿಲ್ಲ. ಮನೆಯಲ್ಲಿ ಕನ್ನಡ ಅಥವಾ ತುಳು, ಕಟ್ಟಡದ ಕೆಳಗೆ ಆಟಕ್ಕೆ ಹಿಂದಿ, ತರಗತಿಯಲ್ಲಿ ಇಂಗ್ಲಿಷ್, ಅದರ ಮೇಲೆ ಮರಾಠಿ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ಪ್ರಕಾರ ಎಲ್ಲ ಮಂಡಳಿಗಳ ಶಾಲೆಗಳಲ್ಲೂ ಮರಾಠಿ ಕಲಿಕೆ ಕಡ್ಡಾಯ. ನಾಲ್ಕು ಭಾಷೆ ಸಂಭಾಳಿಸುವ ಮಗು ದಡ್ಡನಾಗಿರುವುದಿಲ್ಲ. ಆದರೆ ಪ್ರಶ್ನೆಯ ಭಾಷೆ ಅರ್ಥವಾಗದೆ ತಪ್ಪಿದ ಮಗು ತನಗೆ ಗಣಿತವೇ ಬರುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತದೆ. ಈ ತಪ್ಪು ತೀರ್ಮಾನ ಮನಸ್ಸಿನಲ್ಲಿ ಬೇರೂರಿದರೆ ಕೀಳಲು ವರ್ಷಗಳು ಬೇಕು.

ಪರೀಕ್ಷಿಸುವ ಕ್ರಮ ಸರಳ. ಮಗು ತಪ್ಪು ಮಾಡಿದ 5 ಪ್ರಶ್ನೆಗಳನ್ನು ಆರಿಸಿ. ಪುಸ್ತಕ ಮುಚ್ಚಿ, ಅದೇ ಪ್ರಶ್ನೆಯನ್ನು ಮನೆಮಾತಿನಲ್ಲಿ, ಮನೆಯ ವಸ್ತುಗಳ ಹೆಸರಿಟ್ಟು ಕೇಳಿ. 5ರಲ್ಲಿ 3 ಅಥವಾ ಹೆಚ್ಚು ಸರಿಯಾದರೆ ಲೆಕ್ಕ ಬರುತ್ತದೆ, ತಡೆದದ್ದು ಭಾಷೆ. ಇದನ್ನು ಮಗುವಿಗೆ ನೇರವಾಗಿ ಹೇಳಿ: "ನೋಡು ಮಗಾ, ಲೆಕ್ಕ ನಿನಗೆ ಬರುತ್ತದೆ. ಪ್ರಶ್ನೆ ಓದುವುದು ಮಾತ್ರ ಕಲಿಯಬೇಕು." ಒಂದು ವಾರ ಹೊಗಳುವುದಕ್ಕಿಂತ ಈ ಒಂದು ಮಾತಿಗೆ ಹೆಚ್ಚು ಬಲ, ಏಕೆಂದರೆ ಅದಕ್ಕೆ ಸಾಕ್ಷಿ ಎದುರಿಗೇ ಇದೆ.

ಇಂಗ್ಲಿಷ್ ಮಾಧ್ಯಮದ ಮಕ್ಕಳು ಎಡವುವ ಪದಗಳು ಹೆಚ್ಚೇನಿಲ್ಲ. 'ಹೌ ಮೆನಿ ಮೋರ್' ಎಂದಿದ್ದರೆ 'ಮೋರ್' ಕಂಡದ್ದೇ ಕೂಡಿಬಿಡುತ್ತಾರೆ, ಅಲ್ಲಿ ಕಳೆಯಬೇಕು. '5 ಲೆಸ್ ದ್ಯಾನ್ 12' ಎಂಬಲ್ಲಿ ಸಂಖ್ಯೆ ಬಂದ ಕ್ರಮದಲ್ಲೇ ಬರೆದು 5ರಿಂದ 12 ಕಳೆಯಲು ಹೋಗುತ್ತಾರೆ. 'ಈಚ್', 'ಲೆಫ್ಟ್', 'ಆಲ್ಟುಗೆದರ್', 'ಅಟ್ ಲೀಸ್ಟ್', 'ರಿಮೇನಿಂಗ್' ಇವನ್ನು ಸೇರಿಸಿ 15 ಪದಗಳ ಪಟ್ಟಿ ಮಾಡಿ, ಎದುರಿಗೆ ಮನೆಮಾತಿನ ಅರ್ಥ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ದಿನಕ್ಕೆ 3 ಪದ ಸಾಕು.

ಮರಾಠಿಯಲ್ಲಿ ಸಂಖ್ಯೆಯೇ ತೊಡಕು. ಕನ್ನಡದಲ್ಲಿ ಇಪ್ಪತ್ತಮೂರು ಎನ್ನುವಾಗ ಹತ್ತಿನ ಸ್ಥಾನ ಮೊದಲು ಬರುತ್ತದೆ, ಬರೆಯುವುದೂ ಅದೇ ಕ್ರಮ. ಮರಾಠಿಯ 'ತೇವೀಸ್'ನಲ್ಲಿ ಮೂರು ಮೊದಲು, ಇಪ್ಪತ್ತು ಆಮೇಲೆ. ಕೇಳಿದ ಕ್ರಮದಲ್ಲೇ ಬರೆದ ಮಗು 32 ಬರೆಯುತ್ತದೆ. 'ಏಕೋಣಸಾಠ್' ಎಂದರೆ ಅರುವತ್ತಕ್ಕೆ ಒಂದು ಕಡಿಮೆ, ಅಂದರೆ 59. 'ಏಕ್' ಮತ್ತು 'ಸಾಠ್' ಕೇಳಿಸಿದ ಮಗು 61 ಬರೆದಿರುತ್ತದೆ. ಮರಾಠಿ ಮಕ್ಕಳಿಗೂ ಇದು ಕಷ್ಟ ಎಂದೇ 2019ರಲ್ಲಿ ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಎರಡನೇ ತರಗತಿ ಗಣಿತ ಪುಸ್ತಕ 'ವೀಸ್ ತೀನ್' ರೀತಿಯ ಕ್ರಮವನ್ನು ತಂದಿತು, ಅದರ ಮೇಲೆ ರಾಜ್ಯದಲ್ಲೆಲ್ಲ ವಾದವೂ ಆಯಿತು. ಮನೆಯಲ್ಲಿ ದಿನಕ್ಕೆ 10 ಸಂಖ್ಯೆ ಬಾಯಲ್ಲಿ ಹೇಳಿ ಬರೆಸಿ. 19, 29, 39 ಹೀಗೆ ಒಂಬತ್ತರಲ್ಲಿ ಮುಗಿಯುವವು ದಿನವೂ ಇರಲಿ. ನಿಮಗೇ ಮರಾಠಿ ಗಟ್ಟಿಯಿಲ್ಲದಿದ್ದರೆ ಪಕ್ಕದ ಮನೆಯ ತಾಯಿಯನ್ನೋ ಅಜ್ಜಿಯನ್ನೋ ಕೇಳಿ, ಅವರ ದನಿಯಲ್ಲಿ ಮೊಬೈಲ್‌ಗೆ ರೆಕಾರ್ಡ್ ಮಾಡಿಕೊಳ್ಳಿ.

ಹಂತ 3: ಉತ್ತರ ಪತ್ರಿಕೆಯನ್ನು ಓದುವುದು

ಅಂಕಪಟ್ಟಿ ನೋಡಿ ಸಹಿ ಹಾಕುವವರೇ ಹೆಚ್ಚು, ಉತ್ತರ ಪತ್ರಿಕೆ ಓದುವವರು ಕಡಿಮೆ. ಕೆಲಸಕ್ಕೆ ಬರುವುದು ಎರಡನೆಯದೇ. ಪತ್ರಿಕೆ ಬಂದ ದಿನ ಬೇಡ. ಮರುದಿನ, ಊಟ ಆದ ಮೇಲೆ, ಮಗುವಿನ ಜೊತೆ ಕೂತು ಹೋದ ಪ್ರತಿ ಅಂಕದ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಅಕ್ಷರ ಹಾಕಿ. 'ಗೊ' ಎಂದರೆ ಗೊತ್ತಿರಲಿಲ್ಲ. 'ಭಾ' ಎಂದರೆ ಪ್ರಶ್ನೆಯ ಭಾಷೆ ತಿಳಿಯಲಿಲ್ಲ. 'ಅ' ಎಂದರೆ ಅವಸರ: ಗೊತ್ತಿದ್ದೂ ತಪ್ಪಿದ್ದು. 'ಖಾ' ಎಂದರೆ ಖಾಲಿ ಬಿಟ್ಟದ್ದು. ಕೊನೆಗೆ ಯಾವುದರಲ್ಲಿ ಎಷ್ಟು ಹೋಯಿತು ಎಂದು ಕೂಡಿ.

40ಕ್ಕೆ 17 ಬಂದಿದೆ ಎಂದಿಟ್ಟುಕೊಳ್ಳಿ. ಹೋದ 23ರಲ್ಲಿ 9 'ಖಾ', 6 'ಅ', 3 'ಭಾ', 5 'ಗೊ' ಎಂದು ತಿಳಿದಾಗ ಮಗುವಿಗೆ ಮೊದಲ ಸಲ ಗೊತ್ತಾಗುತ್ತದೆ, ನಿಜಕ್ಕೂ ಬಾರದ್ದು 5 ಅಂಕದಷ್ಟು, ಉಳಿದದ್ದಕ್ಕೆ ದಾರಿ ಇದೆ ಎಂದು. 'ಖಾ' ಬಿಟ್ಟದ್ದನ್ನು ಈಗ ಮನೆಯಲ್ಲಿ ಮಾಡಲು ಹೇಳಿ. ಬಂದರೆ ಅದು ಭಯ, ಬಾರದಿದ್ದರೆ 'ಗೊ'ಗೆ ಸೇರಿಸಿ.

ಒಂದು 'ಗೊ' ತಪ್ಪನ್ನು ಹತ್ತಿರದಿಂದ ನೋಡೋಣ. ಮಗು 3/8 + 1/4 = 4/12 ಎಂದು ಬರೆದಿದೆ. ಮೇಲಿನದ್ದನ್ನು ಮೇಲಿನದ್ದಕ್ಕೆ, ಕೆಳಗಿನದ್ದನ್ನು ಕೆಳಗಿನದ್ದಕ್ಕೆ ಕೂಡಿದೆ. 'ಎಷ್ಟು ಸಲ ಹೇಳಿದೆ, ಛೇದ ಸಮ ಮಾಡು ಅಂತ' ಎಂದರೆ ಮಗು ಇನ್ನೊಂದು ನಿಯಮವನ್ನು ಉರುಹೊಡೆದು ಮುಂದಿನ ವಾರ ಮರೆಯುತ್ತದೆ. ಬದಲಿಗೆ ಹಳೆಯ ಪೇಪರಿನಿಂದ 24 ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿ. ಮೂರು ಸಲ ಅರ್ಧಕ್ಕೆ ಮಡಚಿದರೆ 8 ಭಾಗ, ಒಂದೊಂದೂ 3 ಸೆಂಟಿಮೀಟರ್. 3/8 ಅಂದರೆ 9 ಸೆಂಟಿಮೀಟರ್, ಬಣ್ಣ ಹಚ್ಚಲಿ. 1/4 ಅಂದರೆ 6 ಸೆಂಟಿಮೀಟರ್. ಅದರ ಪಕ್ಕಕ್ಕೆ ಇನ್ನೊಂದು ಬಣ್ಣ. ಒಟ್ಟು 15 ಸೆಂಟಿಮೀಟರ್, 5 ಭಾಗ. ಈಗ 4/12 ಎಷ್ಟು ಎಂದು ಕೇಳಿ. 24ನ್ನು 12 ಮಾಡಿದರೆ 2, ಅಂಥ ನಾಲ್ಕು ಎಂದರೆ 8 ಸೆಂಟಿಮೀಟರ್. ಕೂಡಿದ ಮೇಲೆ 9 ಇದ್ದದ್ದು 8 ಆಗಲು ಸಾಧ್ಯವೇ? ತನ್ನ ತಪ್ಪನ್ನು ತಾನೇ ಹಿಡಿದ ಮಗುವಿನ ಮುಖ ನೋಡಿ. ಆತ್ಮವಿಶ್ವಾಸ ಹುಟ್ಟುವುದು ಈ ಗಳಿಗೆಯಲ್ಲಿ, ಬೇರೆಯವರು ಕೊಟ್ಟದ್ದರಿಂದಲ್ಲ.

ಹಂತ 4: ದಿನಕ್ಕೆ 25 ನಿಮಿಷ, ಒಂದೇ ವಿಷಯ

ಅತಿ ದುರ್ಬಲವಾದ ಒಂದೇ ವಿಷಯ ಆರಿಸಿ, ವಾರಕ್ಕೆ 5 ದಿನ, ದಿನಕ್ಕೆ 25 ನಿಮಿಷ. ಗಡಿಯಾರ ಎದುರಿಗಿರಲಿ, ಸಮಯವಾದಾಗ ಅರ್ಧಕ್ಕಿದ್ದರೂ ನಿಲ್ಲಿಸಿ. ಮೊದಲ 5 ನಿಮಿಷ ನಿನ್ನೆ ಕಲಿತದ್ದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಹೇಳುವುದು ಅಥವಾ ಬರೆಯುವುದು. ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ನೆನಪಿನಿಂದ ಹೊರತೆಗೆಯುವುದು ಹೆಚ್ಚು ಕಾಲ ಉಳಿಯುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಸಾಬೀತಾದ ಮಾತು. ನಂತರದ 15 ನಿಮಿಷ ಅಭ್ಯಾಸ. ಕೊನೆಯ 5 ನಿಮಿಷ ತಾನೇ ತಿದ್ದಿಕೊಳ್ಳುವುದು.

ಲೆಕ್ಕಗಳ ಮಟ್ಟವೇ ಇಲ್ಲಿ ಪ್ರಾಣ. 10ರಲ್ಲಿ 8 ಸರಿಯಾಗುವಂತಿರಲಿ. 10ಕ್ಕೆ 10 ಸರಿಯಾದರೆ ಮಗುವಿಗೆ ಬೇಸರ, ಜೊತೆಗೆ ತನ್ನನ್ನು ಚಿಕ್ಕ ಮಗುವಿನಂತೆ ನೋಡುತ್ತಿದ್ದಾರೆ ಎಂಬ ಅನುಮಾನ. 5ಕ್ಕಿಂತ ಕಡಿಮೆಯಾದರೆ ಮತ್ತೆ 'ಬರಲ್ಲ'. ಆರನೇ ತರಗತಿಯ ಮಗುವಿಗೆ ನಾಲ್ಕನೆಯದರಿಂದ ಶುರುಮಾಡಬೇಕಾಗಿ ಬಂದರೂ ನಾಚಿಕೆಯಿಲ್ಲ; ಆದರೆ ಹಳೆಯ ಪಠ್ಯಪುಸ್ತಕ ತೆರೆದಿಟ್ಟು ಅವಮಾನ ಮಾಡಬೇಡಿ, ಲೆಕ್ಕಗಳನ್ನು ನೋಟ್‌ಬುಕ್‌ಗೆ ಬರೆದುಕೊಡಿ.

ಒಂದು ಕೋಣೆಯ ಮನೆಯಲ್ಲಿ ಟಿವಿ ನಡೆಯುತ್ತಿರುವಾಗ ಇದು ಆಗದು. 25 ನಿಮಿಷ ಇಡೀ ಮನೆ ಟಿವಿ ಆರಿಸಬೇಕು, ಅಜ್ಜನ ವಾರ್ತೆಯೂ ಸೇರಿ. ಹೋಟೆಲಿನ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಬರುವ ಅಪ್ಪಂದಿರು ಕಲಿಸಬೇಕಿಲ್ಲ. ಆ ದಿನದ ಹಾಳೆ ನೋಡಿ, ಯಾವುದಾದರೂ ಒಂದು ಲೆಕ್ಕದ ಪಕ್ಕ ಒಂದು ಸಾಲು ಬರೆದಿಟ್ಟರೆ ಬೆಳಿಗ್ಗೆ ಶಾಲೆಗೆ ಹೊರಡುವ ಮಗು ಅದನ್ನು ಓದಿಯೇ ಓದುತ್ತದೆ. ಇಂಗ್ಲಿಷ್ ಓದಲು ಬಾರದ ಅಮ್ಮಂದಿರಿಗೂ ಕೆಲಸವಿದೆ. "ನನಗೆ ಕನ್ನಡದಲ್ಲಿ ಹೇಳಿಕೊಡು" ಎಂದು ಕೇಳಿ, ನಿಜವಾಗಿ ಅರ್ಥವಾಗುವವರೆಗೂ ಬಿಡಬೇಡಿ. ಇನ್ನೊಬ್ಬರಿಗೆ ವಿವರಿಸಬಲ್ಲ ಮಗುವಿಗೆ ಅದು ಬಂದಿದೆ ಎಂದೇ ಅರ್ಥ.

ಈ ಹಂತ ಕೆಡುವುದು ಸಾಮಾನ್ಯವಾಗಿ ಎರಡನೇ ವಾರದಲ್ಲಿ. ಸುಧಾರಣೆ ಕಂಡ ಉತ್ಸಾಹಕ್ಕೆ 25 ನಿಮಿಷ ಒಂದೂವರೆ ಗಂಟೆಯಾಗುತ್ತದೆ, ಎರಡನೇ ವಿಷಯ ಸೇರುತ್ತದೆ, ಮಗು ಮತ್ತೆ ನೋಟ್‌ಬುಕ್ ಕಳೆಯಲು ಶುರುಮಾಡುತ್ತದೆ. 6 ವಾರ ಹೆಚ್ಚಿಸಲೇಬೇಡಿ.

ಹಂತ 5: ಮಾತು

ಈಗ ಹೊಗಳಿಕೆಗೆ ಬರೋಣ, ಏಕೆಂದರೆ ಈಗ ಹೊಗಳಲು ಏನಾದರೂ ಇದೆ. 1998ರಲ್ಲಿ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, 'ನೀನು ಬುದ್ಧಿವಂತ' ಎಂದು ಹೊಗಳಿಸಿಕೊಂಡವರು ಮುಂದಿನ ಕಠಿಣ ಸಮಸ್ಯೆಯಲ್ಲಿ ಸೋತಾಗ ಬೇಗ ಕೈಬಿಟ್ಟರು. ತಮ್ಮ ಅಂಕವನ್ನು ಹೆಚ್ಚಿಸಿ ಹೇಳಿದವರೂ ಅವರಲ್ಲೇ ಹೆಚ್ಚು. 'ಶ್ರಮಪಟ್ಟೆ' ಎಂದು ಕೇಳಿಸಿಕೊಂಡವರು ಮುಂದುವರಿದರು. 2014ರಲ್ಲಿ ನೆದರ್ಲೆಂಡ್ಸ್‌ನ ಎಡ್ಡಿ ಬ್ರುಮೆಲ್ಮನ್ ಮತ್ತು ಸಂಗಡಿಗರು ಇನ್ನೂ ಸೂಕ್ಷ್ಮವಾದದ್ದನ್ನು ಕಂಡರು: ತಮ್ಮ ಬಗ್ಗೆ ಕೀಳಾಗಿ ಭಾವಿಸುವ ಮಕ್ಕಳನ್ನು ಅತಿಯಾಗಿ ಹೊಗಳಿದರೆ ಅವರು ಮುಂದೆ ಸುಲಭದ ಕೆಲಸವನ್ನೇ ಆರಿಸುತ್ತಾರೆ. ಅಷ್ಟು ಎತ್ತರದ ಹೊಗಳಿಕೆಯನ್ನು ಉಳಿಸಿಕೊಳ್ಳಲಾಗದು ಎಂಬ ಭಯ. ಯಾರಿಗೆ ಹೊಗಳಿಕೆ ಬೇಕೆಂದು ನಮಗೆ ತೋರುತ್ತದೋ, ಅವರಿಗೇ ಅದು ಭಾರ.

ಆದ್ದರಿಂದ ಏನು ಮಾಡಿತು ಎಂಬುದನ್ನು ಹೆಸರಿಟ್ಟು ಹೇಳಿ. "ಸೂಪರ್, ಜೀನಿಯಸ್" ಬೇಡ. "ಮೂರನೇ ಸಾಲಿನಲ್ಲಿ ತಪ್ಪಿದ್ದನ್ನು ನೀನೇ ಹಿಡಿದೆ", "ಹೋದ ವಾರ ಖಾಲಿ ಬಿಟ್ಟಿದ್ದೆ, ಈ ಸಲ ಎರಡು ಹೆಜ್ಜೆ ಬರೆದಿದ್ದೀಯ" ಎನ್ನಿ. ಬರೀ "ಕಷ್ಟಪಟ್ಟೆ" ಎಂಬ ಹೊಗಳಿಕೆಯೂ ಸಾಲದು. ತಪ್ಪು ಕ್ರಮದಲ್ಲಿ ಕಷ್ಟಪಟ್ಟ ಮಗುವಿಗೆ ಕ್ರಮ ಬದಲಿಸಲು ನೆರವಾಗಬೇಕು. "ದಡ್ಡ" ಎಂಬ ಪದವನ್ನು ಮನೆಯಿಂದ ಪೂರ್ತಿ ತೆಗೆಯಿರಿ, ಪ್ರೀತಿಗೂ ತಮಾಷೆಗೂ ಬೇಡ. ಅಂಕಪಟ್ಟಿ ಬಂದ ದಿನದ ಊಟ, ಆಟ, ಮಾತು ಎಂದಿನಂತೆಯೇ ಇರಲಿ. ಅಂಕ ಹೆಚ್ಚಾದರೆ ಮುದ್ದು, ಕಡಿಮೆಯಾದರೆ ಮೌನ ಎಂಬ ಪದ್ಧತಿಯಿರುವ ಮನೆಯಲ್ಲಿ ಮಗು ತನ್ನ ಬೆಲೆಯನ್ನು ಪ್ರತಿ ಯೂನಿಟ್ ಟೆಸ್ಟ್‌ನಲ್ಲೂ ಹೊಸದಾಗಿ ಪಣಕ್ಕಿಡುತ್ತದೆ.

ಹೋಲಿಕೆ ಹೊರಗಿನಿಂದಲೂ ಬರುತ್ತದೆ. ಮಾರ್ಷ್ 1987ರಲ್ಲಿ ತೋರಿಸಿದಂತೆ, ಅಷ್ಟೇ ಸಾಮರ್ಥ್ಯದ ಮಗು ತುಂಬ ಜಾಣರಿರುವ ಶಾಲೆಗೆ ಸೇರಿದಾಗ ಓದಿನಲ್ಲಿ ತನ್ನನ್ನು ತಾನು ಕೀಳಾಗಿ ಕಾಣುವುದು ಹೆಚ್ಚು. 'ದೊಡ್ಡ' ಶಾಲೆ ಅಥವಾ ಕೋಚಿಂಗ್‌ನ ಮೇಲಿನ ಬ್ಯಾಚ್‌ಗೆ ಒತ್ತಾಯದಿಂದ ಸೇರಿಸುವ ಮೊದಲು ಇದನ್ನು ಯೋಚಿಸಿ. ನಮ್ಮ ಸಂಘಗಳು ನಡೆಸುವ ಪ್ರತಿಭಾ ಪುರಸ್ಕಾರಗಳ ಬಗ್ಗೆಯೂ ಒಂದು ಮಾತು. 90 ದಾಟಿದವರಿಗೆ ಶಾಲು ಹೊದಿಸುವಾಗ 45ರಿಂದ 62ಕ್ಕೆ ಏರಿದ ಮಗು ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿರುತ್ತದೆ. ಹಿಂದಿನ ವರ್ಷಕ್ಕಿಂತ ಹೆಚ್ಚು ಏರಿದವರಿಗೂ ಒಂದು ಪುರಸ್ಕಾರವಿಟ್ಟರೆ ಸಂಘಕ್ಕೆ ಖರ್ಚು ಹೆಚ್ಚಾಗದು. ಪದಾಧಿಕಾರಿಗಳು ದಯವಿಟ್ಟು ಗಮನಿಸಬೇಕು.

ಹಂತ 6: ಶಾಲೆಯೊಂದಿಗೆ

ಓಪನ್ ಹೌಸ್‌ನಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ. "ಹೇಗೆ ಓದುತ್ತಾನೆ ಮೇಡಂ" ಎಂದರೆ "ಗಮನ ಕಡಿಮೆ" ಎಂಬ ಉತ್ತರದೊಂದಿಗೆ ಮುಗಿಯುತ್ತದೆ. ಹಂತ 3ರ ಲೆಕ್ಕ ಹಿಡಿದು ಹೋಗಿ. ತರಗತಿಯಲ್ಲಿ ಪ್ರಶ್ನೆ ಕೇಳುತ್ತಾನೆಯೇ, ಯಾವ ಪಾಠದಿಂದ ಹಿಂದೆ ಬಿದ್ದ, ಮನೆಯಲ್ಲಿ ತಯಾರಾದ ಒಂದು ಪ್ರಶ್ನೆಗೆ ವಾರಕ್ಕೊಮ್ಮೆ ಉತ್ತರ ಹೇಳಲು ಅವಕಾಶ ಕೊಡಬಹುದೇ ಎಂದು ಕೇಳಿ. ಕೊನೆಯದು ಬಹಳ ಮುಖ್ಯ: ಗೆಳೆಯರ ಎದುರು ಒಂದು ಸರಿಯುತ್ತರ ಮನೆಯ ಹತ್ತು ಸರಿಯುತ್ತರಕ್ಕೆ ಸಮ. ಇಡೀ ತರಗತಿಯ ಎದುರು ಅಂಕ ಓದಿ ಅವಮಾನಿಸುವ, ಹೊಡೆಯುವ ರೂಢಿಯಿದ್ದರೆ ಸುಮ್ಮನಿರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೊದಲು ತರಗತಿ ಶಿಕ್ಷಕರಿಗೆ ಬಾಯಿಮಾತಿನಲ್ಲಿ, ಆಮೇಲೆ ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ತಿಳಿಸಿ.

ಇಷ್ಟೆಲ್ಲ ಮಾಡಿದರೂ ಏರದಿದ್ದರೆ

ಕಣ್ಣು ಮತ್ತು ಕಿವಿ ಪರೀಕ್ಷೆ ಮೊದಲು. ಬೋರ್ಡು ಕಾಣದ ಮಗುವಿಗೆ ತನಗೆ ಕಾಣುತ್ತಿಲ್ಲ ಎಂಬುದೇ ಗೊತ್ತಿರುವುದಿಲ್ಲ. ಬಾಯಲ್ಲಿ ಚುರುಕಾಗಿ ಉತ್ತರಿಸಿ ಬರವಣಿಗೆಯಲ್ಲಿ ಪೂರ್ತಿ ಬಿದ್ದುಹೋಗುವುದು, ಅಕ್ಷರಗಳು ಅದಲುಬದಲಾಗುವುದು, ಮೂರನೇ ತರಗತಿ ದಾಟಿದರೂ ಒಂದು ಸಾಲು ತಡವರಿಸದೆ ಓದಲಾಗದಿರುವುದು ಕಂಡರೆ ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಿ. ಸಾಮಾನ್ಯವಾಗಿ ಇದನ್ನು 8 ವರ್ಷದ ನಂತರವೇ ಖಚಿತವಾಗಿ ಹೇಳುತ್ತಾರೆ. ಮುಂಬಯಿಯಲ್ಲಿ ಸಾಯನ್‌ನ ಲೋಕಮಾನ್ಯ ತಿಲಕ್ ಮತ್ತು ನಾಯರ್ ಆಸ್ಪತ್ರೆಗಳಲ್ಲಿ ಈ ವ್ಯವಸ್ಥೆಯಿದೆ. ಮನೆಮಾತು ಕನ್ನಡ ಅಥವಾ ತುಳು ಎಂದು, ಶಾಲೆಯ ಭಾಷೆ ಯಾವಾಗಿನಿಂದ ಕಲಿಯುತ್ತಿದೆ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಭಾಷೆಯ ತೊಡಕನ್ನೇ ನ್ಯೂನತೆ ಎಂದುಕೊಳ್ಳುವ ಅಪಾಯವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಹತ್ತನೇ ತರಗತಿಯ ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯುವವರ ನೆರವು ಮುಂತಾದ ರಿಯಾಯಿತಿಗಳಿವೆ. ಮುಚ್ಚಿಡುವುದರಿಂದ ನಷ್ಟ ಮಗುವಿಗೇ.

ನಿದ್ದೆ, ಊಟ, ಆಟ ಮೂರೂ ಕೆಟ್ಟು, 'ನಾನು ಇರಲೇಬಾರದಿತ್ತು' ಎಂಬಂಥ ಮಾತು ಬಂದರೆ ಅಂಕದ ಮಾತನ್ನೇ ಬದಿಗಿಡಿ. ಅದೇ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ.

ಅಂಕ ಕಡಿಮೆ ಬಂತೆಂದು ಮಗುವಿನ ಯಕ್ಷಗಾನ ತರಗತಿ, ಭಜನೆ, ಕಬಡ್ಡಿ ನಿಲ್ಲಿಸುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿ ಮಗುವಿಗೆ 'ನನಗೂ ಏನೋ ಬರುತ್ತದೆ' ಎಂಬ ಆಧಾರವಿದ್ದರೆ ಅದನ್ನು ಕಿತ್ತುಕೊಳ್ಳಬೇಡಿ. ಸಮಯ ಬೇಕಿದ್ದರೆ ಮೊಬೈಲ್‌ನಿಂದ ತೆಗೆಯಿರಿ.

ಗುಣ ಕಾಣುವ ಕ್ರಮ ಹೀಗಿರುತ್ತದೆ: ಮೊದಲು ಖಾಲಿ ಜಾಗ ಕಡಿಮೆಯಾಗುತ್ತದೆ, ತಪ್ಪುಗಳು ಅಷ್ಟೇ ಇರುತ್ತವೆ ಅಥವಾ ಹೆಚ್ಚುತ್ತವೆ. ಇದು ಒಳ್ಳೆಯ ಲಕ್ಷಣ, ಮಗು ಪ್ರಯತ್ನಿಸುತ್ತಿದೆ. ಆಮೇಲೆ ಪ್ರಶ್ನೆ ಕೇಳುತ್ತದೆ. ಅಂಕ ಏರುವುದು ಕೊನೆಗೆ, ಬಹಳ ಸಲ ಶಾಲೆಯ ಒಂದು ಇಡೀ ಟರ್ಮ್ ಕಳೆದ ಮೇಲೆ. ಜೂನ್‌ನಲ್ಲಿ ಹೊಸ ತರಗತಿ ಶುರುವಾದಾಗ ಹೊಸ ಶಿಕ್ಷಕರಿಗೆ ಅರ್ಧ ಪುಟ ಬರೆದುಕೊಡಿ: ಮನೆಮಾತು ಯಾವುದು, ಯಾವ ಪಾಠದವರೆಗೆ ಗಟ್ಟಿಯಾಗಿದೆ, ಎಲ್ಲಿ ಭಾಷೆ ತಡೆಯುತ್ತದೆ, ಯಾವ ಕ್ರಮದಲ್ಲಿ ಹೇಳಿಕೊಟ್ಟರೆ ಬೇಗ ಹಿಡಿಯುತ್ತದೆ. ಆ ಪುಟದಲ್ಲಿ ಹಳೆಯ ಅಂಕ ಬರೆಯಬೇಡಿ.